ಎಳೆಯ ನೊಣಹಿಡುಕಕ್ಕೆ ಆತುರದ ಹೆಸರು ಬೇಡ

ಹಸ್ತಾ, ಚಿತ್ತಾ ಮಳೆಗಳ ಹೊತ್ತಿಗೆ ಬೇಲೂರಿನ ಕಾಫಿ ತೋಟಗಳಿಗೂ, ಹಳೇಬೀಡಿನ ಕೆರೆಯಂಚಿನ ಮರಗಳಿಗೂ, ಅರಸೀಕೆರೆಯ ತೆಂಗಿನ ತೋಟಗಳ ಬೇಲಿಸಾಲಿಗೂ ಉತ್ತರದಿಂದ ಪುಟ್ಟ ಅತಿಥಿಗಳು ಬರತೊಡಗುತ್ತವೆ. ಸುಮಾರು 10 ಗ್ರಾಂ ತೂಗುವ ನೊಣಹಿಡುಕಗಳಿವು. ಹಾರುವ ಹುಳುವನ್ನು ಗಾಳಿಯಲ್ಲೇ ಹಿಡಿದು ಮತ್ತೆ ರೆಂಬೆಗೆ ಮರಳುವ ಅಭ್ಯಾಸದಿಂದ ಇವುಗಳ ಗುಂಪನ್ನು ಗುರುತಿಸುವುದು ಸುಲಭ. ಜಾತಿಯನ್ನು ಗುರುತಿಸುವುದೇ ಕಷ್ಟ.

ಕಾರಣ ಸರಳವಾದುದು. ಪುಸ್ತಕಗಳ ಚಿತ್ರದಲ್ಲಿ ಕೆಂಪುಕತ್ತಿನ ನೊಣಹಿಡುಕದ ಗಂಡಿಗೆ ಕಿತ್ತಳೆಗೆಂಪು ಗಂಟಲಿರುತ್ತದೆ. ಆದರೆ ಅದೇ ವರ್ಷ ಹುಟ್ಟಿದ ಗಂಡಿಗೆ ಮೊದಲ ಚಳಿಗಾಲದಲ್ಲಿ ಆ ಬಣ್ಣವಿರುವುದಿಲ್ಲ. ಅದು ಹೆಣ್ಣಿನಂತೆಯೇ ಮಾಸಲು ಕಂದು. ರೆಕ್ಕೆಯ ಗರಿಗಳ ತುದಿಯಲ್ಲಿ ಸಾಲಾಗಿ ಕಾಣುವ ತಿಳಿಹಳದಿ ಚುಕ್ಕೆಗಳು ಮಾತ್ರ ಅದರ ಎಳೆತನವನ್ನು ಹೇಳುತ್ತವೆ.

ಇಂತಹ ಹಕ್ಕಿಯಲ್ಲಿ ಮೊದಲು ನೋಡಬೇಕಾದುದು ಬಾಲ. ಮೇಲೆತ್ತಿದ ಕಪ್ಪು ಬಾಲದ ಬುಡದ ಎರಡೂ ಪಕ್ಕದಲ್ಲಿ ಬಿಳಿ ಇದ್ದರೆ ಅದು ಕೆಂಪುಕತ್ತಿನದು ಅಥವಾ ಅದರ ಸಮೀಪಬಂಧುವಾದ ತೈಗಾ ನೊಣಹಿಡುಕ. ಕೆಳಕೊಕ್ಕಿನ ಬುಡ ತಿಳಿಬಣ್ಣದ್ದಾಗಿ, ಬಾಲದ ಬುಡವನ್ನು ಮೇಲಿನಿಂದ ಮುಚ್ಚುವ ಗರಿಗಳು ಬಾಲಕ್ಕಿಂತ ಮಾಸಲಾಗಿದ್ದರೆ ಕೆಂಪುಕತ್ತಿನದು. ಕೊಕ್ಕು ಬಹುತೇಕ ಕಪ್ಪಾಗಿ, ಆ ಗರಿಗಳೂ ಅಚ್ಚಗಪ್ಪಾಗಿದ್ದರೆ ತೈಗಾ. ಬಾಲದಲ್ಲಿ ಬಿಳಿಯಿಲ್ಲದೆ ಮೈಯೆಲ್ಲ ಕಂದಾಗಿದ್ದರೆ ಕಾಲು ನೋಡಬೇಕು. ಕಂದು ನೊಣಹಿಡುಕದ ಕಾಲು ಕಪ್ಪು. ಕಂದುಎದೆಯ ನೊಣಹಿಡುಕದ ಕಾಲು ತಿಳಿಬಣ್ಣ, ಕೆಳಕೊಕ್ಕು ಪೂರ್ತಿ ಹಳದಿ.

ಇಷ್ಟು ಸೂಕ್ಷ್ಮತೆ ಹಳ್ಳಿಗರಿಗೂ ವಿದ್ಯಾರ್ಥಿಗಳಿಗೂ ಏತಕ್ಕೆ, ನೋಡಿದ ಸಂತೋಷ ಸಾಲದೇ ಎಂದು ಕೇಳುವವರಿದ್ದಾರೆ. ಸಂತೋಷಕ್ಕೆ ಹೆಸರೇ ಬೇಡ. ಆದರೆ ಬರೆದಿಟ್ಟ ಹೆಸರು ಸಾಕ್ಷ್ಯವಾಗುತ್ತದೆ. 2023ರ ‘ಭಾರತದ ಹಕ್ಕಿಗಳ ಸ್ಥಿತಿಗತಿ’ ವರದಿ ಸಿದ್ಧವಾದದ್ದು ಸುಮಾರು 30,000 ಹವ್ಯಾಸಿಗಳ 3 ಕೋಟಿ ದಾಖಲೆಗಳಿಂದ. ತೋಟದ ಕಾಡುಮರಗಳು ಹೋಗಿ ಆಸ್ಟ್ರೇಲಿಯಾ ಮೂಲದ ಸಿಲ್ವರ್ ಓಕ್ ಬಂದಾಗ, ಬೇಲಿಯ ಗಿಡಗಳು ಹೋಗಿ ತಂತಿ ಬಂದಾಗ ಯಾವ ಹಕ್ಕಿ ಕಡಿಮೆಯಾಯಿತೆಂಬುದನ್ನು ಹೇಳಬೇಕಾದುದು ಇಂತಹ ದಾಖಲೆಗಳೇ. ತಪ್ಪು ಹೆಸರು ಇಲ್ಲದ ಹಕ್ಕಿಯನ್ನು ಹುಟ್ಟಿಸುತ್ತದೆ, ಇರುವುದನ್ನು ಮರೆಮಾಡುತ್ತದೆ.

ಹೆಸರಿಗಿಂತ ಲಕ್ಷಣ ಬಾಳಿಕೆ ಬರುವಂಥದು. ಕೆಂಪುಕತ್ತಿನದನ್ನೂ ತೈಗಾವನ್ನೂ ಹಿಂದೆ ಒಂದೇ ಪ್ರಭೇದವೆಂದು ಎಣಿಸಲಾಗುತ್ತಿತ್ತು. ಅಂದು ಬರಿಯ ಹೆಸರು ಬರೆದವರ ಟಿಪ್ಪಣಿಯಿಂದ ಇಂದು ಎರಡನ್ನೂ ಬೇರ್ಪಡಿಸಲಾಗದು. ಕೊಕ್ಕು, ಬಾಲಗಳ ಬಣ್ಣ ಬರೆದವರ ಟಿಪ್ಪಣಿ ಇಂದಿಗೂ ಉಪಯುಕ್ತ.

ಊರಿನವರಿಗೆ ಹೊರಗಿನ ತಜ್ಞರಿಗಿಲ್ಲದ ಅನುಕೂಲವೊಂದಿದೆ. ಕೆಲವು ಹಕ್ಕಿಗಳು ಮುಂದಕ್ಕೆ ಸಾಗಿದರೂ ಹಲವು ಇಡೀ ಚಳಿಗಾಲ ಒಂದೇ ಜಾಗದಲ್ಲಿ ನೆಲೆಸುತ್ತವೆ. ಇಂದು ಕಾಲು ಕಾಣದಿದ್ದರೆ ನಾಳೆ ಕಂಡೀತು. ದೀಪಾವಳಿಗೆ ತಿಳಿಯದಿದ್ದುದು ಸಂಕ್ರಾಂತಿಗೆ ತಿಳಿದೀತು. ಅಲ್ಲಿಯವರೆಗೆ ದಿನಾಂಕ, ಸ್ಥಳ, ಮರ, ಬಾಲ, ಕೊಕ್ಕು, ಕಾಲುಗಳ ವಿವರವನ್ನು ಬರೆದು, ಹೆಸರಿನ ಜಾಗದಲ್ಲಿ ‘ಗುರುತಿಸಲಾಗದ ನೊಣಹಿಡುಕ’ ಎಂದಿಡುವುದು ಸೋಲಲ್ಲ, ಪ್ರಾಮಾಣಿಕ ದಾಖಲೆ. ಶಾಲೆಗಳ ಪರಿಸರ ಸಂಘಗಳು ಎಷ್ಟು ಜಾತಿ ಕಂಡವೆಂದು ಸ್ಪರ್ಧೆ ನಡೆಸುವುದನ್ನು ಬಿಟ್ಟು, ಒಂದು ಹಕ್ಕಿಯನ್ನು ಎಷ್ಟು ಸರಿಯಾಗಿ ಕಂಡರೆಂದು ಕೇಳುವ ಪದ್ಧತಿಯನ್ನು ಈ ಋತುವಿನಿಂದಲೇ ಆರಂಭಿಸಬೇಕು.