ಸ್ಕೋರ್‌ಬೋರ್ಡ್‌ನಲ್ಲಿ ಕಾಣದ ಆಟ

2012ರ ಲಂಡನ್ ಒಲಿಂಪಿಕ್ಸ್‌ನ ಪುರುಷರ ವಾಲಿಬಾಲ್ ಫೈನಲ್ ಎಂದರೆ ಎಲ್ಲರಿಗೂ ಥಟ್ಟನೆ ನೆನಪಾಗುವುದು ರಷ್ಯಾದ ಡಿಮಿಟ್ರಿ ಮುಸೆರ್‌ಸ್ಕಿ. ಬ್ರೆಜಿಲ್ ಎದುರು ಮೊದಲ ಎರಡು ಸೆಟ್ ಸೋತಾಗ ಕೋಚ್ ವ್ಲಾದಿಮಿರ್ ಅಲೆಕ್ನೊ, ನೆಟ್ಟಿನ ನಡುವೆ ಬ್ಲಾಕ್ ಮಾಡುತ್ತಿದ್ದ 2.18 ಮೀಟರ್ ಎತ್ತರದ ಅವರನ್ನು ಬಲಬದಿಯ ಸ್ಮ್ಯಾಷರ್ ಮಾಡಿದರು. ಅವರು 31 ಅಂಕ ಗಳಿಸಿದರು. ಮೂರನೇ ಸೆಟ್ಟಿನಲ್ಲಿ ಎರಡು ಮ್ಯಾಚ್ ಪಾಯಿಂಟ್ ಉಳಿಸಿಕೊಂಡ ರಷ್ಯಾ 3–2ರಿಂದ ಚಿನ್ನ ಗೆದ್ದಿತು. ಇದರಲ್ಲಿ ಸುಳ್ಳೇನೂ ಇಲ್ಲ, ಆದರೆ ಇದು ಅರ್ಧ ಕಥೆ. ಉಳಿದರ್ಧ, ಆಗ 36 ವರ್ಷದವರಾಗಿದ್ದ ಸೆರ್ಗೆಯ್ ತೆತ್ಯೂಖಿನ್ ಅವರದು. ಆಟಗಾರನನ್ನು ಬರೀ ಅಂಕದಿಂದ ಅಳೆಯುವುದು ಎಷ್ಟು ತಪ್ಪು ಎಂಬುದಕ್ಕೆ ಅವರ ವೃತ್ತಿಜೀವನಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಸ್ಮ್ಯಾಷ್ ಹೊಡೆಯಬೇಕಾದರೆ ಚೆಂಡು ಮೊದಲು ಅದನ್ನು ಎತ್ತಿಕೊಡುವ ಸೆಟ್ಟರ್ ಕೈಗೆ ತಲುಪಬೇಕು. ಎದುರಾಳಿ ಜಿಗಿದು ಬಾರಿಸಿದ ಸರ್ವ್ ಕಣ್ಣು ಮಿಟುಕಿಸುವಷ್ಟರಲ್ಲಿ ಬಂದುಬಿಡುತ್ತದೆ. ಅಷ್ಟರೊಳಗೆ ಕಾಲು ಸರಿಸಿ, ಎರಡೂ ಮುಂಗೈ ಜೋಡಿಸಿ, ಚೆಂಡಿನ ವೇಗವನ್ನು ಕೊಂದು ನೆಟ್ಟಿನ ಬಳಿಗೆ ಎತ್ತಿಕೊಡಬೇಕು. ಅದು ಒಂದೆರಡು ಮೀಟರ್ ಆಚೀಚೆ ಹೋದರೂ ಸೆಟ್ಟರ್ ಓಡಬೇಕಾಗುತ್ತದೆ, ಎದುರಿನ ಬ್ಲಾಕ್‌ಗೆ ದಾಳಿ ಎಲ್ಲಿಂದ ಎಂಬುದು ಮೊದಲೇ ಗೊತ್ತಾಗುತ್ತದೆ. ಮುಸೆರ್‌ಸ್ಕಿಗೆ ಜಾಗ ಬಿಟ್ಟ ಮ್ಯಾಕ್ಸಿಮ್ ಮಿಖೈಲೋವ್, ಅಂದು ತಮ್ಮದಲ್ಲದ ಎಡಬದಿಗೆ ಸರಿದಿದ್ದರು. ಸರ್ವ್ ಎತ್ತಿಕೊಳ್ಳುವುದು, ಅಂದರೆ ರಿಸೀವ್, ಅವರ ನಿತ್ಯದ ಕೆಲಸವಲ್ಲ. ಹಾಗಾಗಿ ಅದರ ಹೊರೆ ಹೆಚ್ಚಾಗಿ ಬಿದ್ದದ್ದು ತೆತ್ಯೂಖಿನ್ ಮತ್ತು ರಕ್ಷಣೆಗೆಂದೇ ಇರುವ ಲಿಬೆರೊ ಮೇಲೆ. ಅವರು ಜಗ್ಗಿದ್ದರೆ ಅಲೆಕ್ನೊ ತಂತ್ರ ಅಲ್ಲಿಗೇ ಮುಗಿಯುತ್ತಿತ್ತು.

ಎತ್ತರ ಹುಟ್ಟಿನಿಂದ ಬರುತ್ತದೆ, ರಿಸೀವ್ ಅಭ್ಯಾಸದಿಂದಲೇ ಬರಬೇಕು. ಆದ್ದರಿಂದಲೇ ಅದು ಬೇಗ ಸವೆಯುವುದೂ ಇಲ್ಲ. 1975ರಲ್ಲಿ ಉಜ್ಬೇಕಿಸ್ತಾನದ ಮರ್ಗಿಲಾನ್‌ನಲ್ಲಿ ಹುಟ್ಟಿದ ತೆತ್ಯೂಖಿನ್ 1996ರಿಂದ 2016ರವರೆಗೆ ಆರು ಒಲಿಂಪಿಕ್ಸ್ ಆಡಿದರು. ಸಿಡ್ನಿಯಲ್ಲಿ ಬೆಳ್ಳಿ, ಅಥೆನ್ಸ್ ಮತ್ತು ಬೀಜಿಂಗ್‌ನಲ್ಲಿ ಕಂಚು, ಲಂಡನ್ನಿನಲ್ಲಿ ಚಿನ್ನ. ಈ ನಡುವೆ ಆಟದ ನಿಯಮಗಳೇ ಬದಲಾದವು: ಸರ್ವ್ ಮಾಡಿದ ತಂಡಕ್ಕಷ್ಟೇ ಅಂಕ ಸಿಗುತ್ತಿದ್ದ ಪದ್ಧತಿ ಹೋಗಿ ಪ್ರತಿ ರ‍್ಯಾಲಿಗೂ ಅಂಕ ಬಂತು, ಲಿಬೆರೊ ಬಂದ. ಬೆಲ್ಗೊರೊದ್ ಮತ್ತು ಕಜಾನ್ ಕ್ಲಬ್‌ಗಳ ಪರ ಅವರು ಯುರೋಪಿನ ಚಾಂಪಿಯನ್ಸ್ ಲೀಗನ್ನೂ ಗೆದ್ದರು. 2016ರ ರಿಯೊ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ರಷ್ಯಾದ ಧ್ವಜ ಹಿಡಿದವರು 40 ವರ್ಷದ ಇದೇ ತೆತ್ಯೂಖಿನ್.

ಪಂದ್ಯ ಗೆಲ್ಲಿಸುವುದು ಅಂಕವೇ ಅಲ್ಲವೇ, ಲಂಡನ್ನಿನಲ್ಲಿ ಆಟ ತಿರುಗಿಸಿದ್ದು ಮುಸೆರ್‌ಸ್ಕಿ ಎತ್ತರವೇ ಅಲ್ಲವೇ ಎಂದು ಕೇಳಬಹುದು. ನಿಜ, ಆದರೆ ಅದೇ ಎತ್ತರ ಮೊದಲೆರಡು ಸೆಟ್‌ಗಳಲ್ಲೂ ಅಂಗಣದಲ್ಲೇ ಇತ್ತು. ಅದನ್ನು ಹೊಸ ಜಾಗದಲ್ಲಿ ಬಳಸಲು ಚೆಂಡು ಸರಿಯಾಗಿ ಸಿಗಬೇಕಿತ್ತು. ಹಿರಿಯರು ಜಾಗ ಬಿಡದಿದ್ದರೆ ಕಿರಿಯರು ಬೆಳೆಯುವುದು ಹೇಗೆ ಎಂಬ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ರಿಯೊದ ಕಂಚಿನ ಪಂದ್ಯದಲ್ಲಿ ಅಮೆರಿಕದ ಎದುರು 2–0 ಮುಂದಿದ್ದೂ ರಷ್ಯಾ ಸೋತಿತು, ಅನುಭವವೊಂದೇ ಸಾಲದು. ಆದರೆ 40ರ ಆಟಗಾರನಿಗೆ ಬದಲಿ ಸಿಗದಿದ್ದರೆ, ಆ ಕೌಶಲವನ್ನು ಕಿರಿಯರಲ್ಲಿ ಬೆಳೆಸದ ವ್ಯವಸ್ಥೆಯೇ ಅದಕ್ಕೆ ಹೊಣೆ. ಎತ್ತರ ನೋಡಿ ಹುಡುಗರನ್ನು ಆರಿಸಿ, ಸ್ಮ್ಯಾಷ್ ಒಂದನ್ನೇ ಕಲಿಸುವ ತರಬೇತುದಾರರು ತೆತ್ಯೂಖಿನ್ ಆಡಿದ ಪಂದ್ಯಗಳನ್ನು ಮತ್ತೆ ನೋಡಲಿ. ಚೆಂಡು ಸೆಟ್ಟರ್ ಕೈ ಸೇರುವ ಮುಂಚಿನ ಆ ಒಂದು ಕ್ಷಣಕ್ಕೆ ಕೊನೆಯ ಸ್ಮ್ಯಾಷ್‌ನಷ್ಟೇ ಗೌರವ ಸಲ್ಲಬೇಕು.