ರವೆ ಇಡ್ಲಿಯ ಹಿಂದಿನ ಲೆಕ್ಕಪುಸ್ತಕ

ಬೆಂಗಳೂರಿನ ಎಂಟಿಆರ್ ಹೋಟೆಲ್ ಎಂದೊಡನೆ ರವೆ ಇಡ್ಲಿಯ ಕಥೆ ಬರುತ್ತದೆ. 1942ರಲ್ಲಿ ಬರ್ಮಾ ಜಪಾನಿಯರ ವಶವಾಯಿತು, ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು, ಹೋಟೆಲಿನ ಅಡುಗೆಮನೆಯಲ್ಲಿ ಅಕ್ಕಿಯ ಜಾಗಕ್ಕೆ ರವೆ ಬಂತು. ಸಂಸ್ಥೆ ಹೇಳಿಕೊಂಡು ಬಂದಿರುವ ಈ ಕಥೆ ಎಷ್ಟು ಜನಪ್ರಿಯವೆಂದರೆ, ಅದರ ಹಿಂದಿದ್ದ ಹೋಟೆಲಿನ ಸ್ಥಾಪಕ ಪಾರಂಪಳ್ಳಿ ಯಜ್ಞನಾರಾಯಣ ಮಯ್ಯರೇ ಮರೆಗೆ ಸರಿದಿದ್ದಾರೆ. ಆಹಾರೋದ್ಯಮಿಯೊಬ್ಬರ ಬದುಕನ್ನು ಸಂಶೋಧಿಸಲು ಹೊರಟವರಿಗೆ ಎದುರಾಗುವ ಮೊದಲ ತೊಡಕೇ ಇದು. ತಿಂಡಿಗೆ ಪುರಾಣವಿದೆ, ಉದ್ಯಮಿಗೆ ಇತಿಹಾಸವಿಲ್ಲ.

ಆ ಇಡ್ಲಿಯನ್ನೇ ವ್ಯಾಪಾರಿಯ ಕಣ್ಣಿನಿಂದ ನೋಡೋಣ. ಅಕ್ಕಿ ಇಡ್ಲಿಗೆ ಹಿಂದಿನ ದಿನವೇ ನೆನೆಹಾಕಬೇಕು, ರುಬ್ಬುವ ಕಲ್ಲಿನ ಮುಂದೆ ಆಳು ಕೂರಬೇಕು, ಹಿಟ್ಟು ಹುದುಗು ಬರುವವರೆಗೆ ಕಾಯಬೇಕು. ರವೆ ಇಡ್ಲಿಗೆ ಇದಾವುದೂ ಬೇಡ. ಸಾಸಿವೆ, ಗೋಡಂಬಿ, ಕರಿಬೇವಿನ ಒಗ್ಗರಣೆಯಲ್ಲಿ ರವೆ ಹುರಿದಿಟ್ಟುಕೊಂಡರೆ ಮುಗಿಯಿತು. ಬೇಕಾದಾಗ ಮೊಸರು, ಸೋಡಾ ಬೆರೆಸಿ ಹಬೆಗಿಡಬಹುದು. ಆ ಹುರಿದ ಒಣ ಮಿಶ್ರಣವನ್ನು ಪೊಟ್ಟಣಕ್ಕೆ ತುಂಬಿದರೆ ಅದೇ ಇನ್‌ಸ್ಟಂಟ್ ಮಿಕ್ಸ್. ಎಪ್ಪತ್ತರ ದಶಕದ ಪ್ಯಾಕೆಟ್ ಉದ್ಯಮದ ಬೀಜ ಯುದ್ಧಕಾಲದ ಈ ಬಾಣಲೆಯಲ್ಲೇ ಇತ್ತು ಎಂಬುದು ನನ್ನ ವಾದ. ಇದನ್ನು ಸಾಬೀತುಪಡಿಸಬೇಕಾದರೆ ರುಚಿಯ ವರ್ಣನೆ ಸಾಲದು. ಅಂದಿನ ಮೈಸೂರು ಸಂಸ್ಥಾನದ ಆಹಾರ ನಿಯಂತ್ರಣದ ಆದೇಶಗಳು, ದಿನಸಿ ಮಂಡಿಯ ಬಿಲ್ಲು, ಸಂಬಳದ ಪುಸ್ತಕ ಬೇಕು.

ಯಜ್ಞನಾರಾಯಣ ಮಯ್ಯರು ಮತ್ತು ಅವರ ಸೋದರರು 1924ರಲ್ಲಿ ಬೆಂಗಳೂರಿನ ಲಾಲ್‌ಬಾಗ್ ರಸ್ತೆಯಲ್ಲಿ ಆರಂಭಿಸಿದ್ದು ‘ಬ್ರಾಹ್ಮಿನ್ ಕಾಫಿ ಕ್ಲಬ್’. ಮಯ್ಯರು 1951ರಲ್ಲಿ ಯುರೋಪ್ ಸುತ್ತಿ, ಅಲ್ಲಿನ ಉಪಾಹಾರ ಗೃಹಗಳು ನಡೆಯುವ ರೀತಿ ನೋಡಿ ಬಂದರು. ಮರಳಿದವರು ಲೋಟ, ತಟ್ಟೆಗಳನ್ನು ಹಬೆಯಲ್ಲಿ ಶುದ್ಧಗೊಳಿಸುವ ಪದ್ಧತಿ ತಂದರು. ಗ್ರಾಹಕರು ಅಡುಗೆಮನೆಯನ್ನು ಹಾದೇ ಊಟದ ಕೋಣೆಗೆ ಹೋಗುವಂಥ ವ್ಯವಸ್ಥೆಯೂ ಈ ಹೋಟೆಲಿನ ಗುರುತಾಯಿತು. ನನ್ನ ಮಟ್ಟಿಗೆ ಮಯ್ಯರ ದೊಡ್ಡ ಸಾಧನೆ ಇದೇ, ಇಡ್ಲಿಯಲ್ಲ. ಅದುವರೆಗೆ ‘ಶುದ್ಧ’ ಎಂಬುದಕ್ಕೆ ಆಧಾರ ಅಡುಗೆಯವರ ಜಾತಿ. ಹಬೆ ಮತ್ತು ತೆರೆದ ಅಡುಗೆಮನೆ ಅದನ್ನು ಯಾರು ಬೇಕಾದರೂ ಕಣ್ಣಾರೆ ಪರೀಕ್ಷಿಸಬಹುದಾದ ವಿಷಯವಾಗಿಸಿದವು. 1960ರಲ್ಲಿ ಹೋಟೆಲ್ ಈಗಿನ ಕಟ್ಟಡಕ್ಕೆ ಬಂದಾಗ ‘ಮಾವಳ್ಳಿ ಟಿಫಿನ್ ರೂಮ್ಸ್’, ಅಂದರೆ ಎಂಟಿಆರ್ ಆಯಿತು. ಈ ಎರಡು ಬೋರ್ಡುಗಳ ನಡುವಿನ 36 ವರ್ಷಗಳಲ್ಲಿ ಮೇಜಿನ ಮುಂದೆ ಯಾರು ಯಾರು ಕೂತರು, ಒಳಗೆ ತಟ್ಟೆ ತೊಳೆದವರು ಯಾರು, ಅವರಿಗೆ ಸಿಕ್ಕ ಕೂಲಿ ಎಷ್ಟು? ಇದನ್ನು ಕೇಳದ ಜೀವನಚರಿತ್ರೆ ಅಭಿನಂದನಾ ಗ್ರಂಥವಾಗಿ ಉಳಿಯುತ್ತದೆ.

ಯಜ್ಞನಾರಾಯಣ ಮಯ್ಯರು ತೀರಿಕೊಂಡದ್ದು 1968ರಲ್ಲಿ. ತುರ್ತುಪರಿಸ್ಥಿತಿಯ ಕಾಲದಲ್ಲಿ ಸರ್ಕಾರ ಹೋಟೆಲ್ ತಿಂಡಿಗಳ ದರ ಇಳಿಸಿದಾಗ ಹೊಣೆ ಮುಂದಿನ ಪೀಳಿಗೆಯದಾಗಿತ್ತು. ಗುಣಮಟ್ಟ ತಗ್ಗಿಸದೆ ಮಾರಿ, ದಿನದ ನಷ್ಟವನ್ನು ಬಾಗಿಲ ಹೊರಗೆ ಬರೆದು ಹಾಕುತ್ತಿದ್ದರು ಎಂದು ಹಳಬರು ಹೇಳುತ್ತಾರೆ. ಕೊನೆಗೆ ಹೋಟೆಲ್ ಕೆಲಕಾಲ ಮುಚ್ಚಿತು. ಕೆಲಸಗಾರರನ್ನು ಕೈಬಿಡದಿರಲು ಮಸಾಲೆ ಪುಡಿ, ಮಿಕ್ಸ್‌ಗಳ ವ್ಯಾಪಾರ ಬೆಳೆಯಿತು. ಪ್ಯಾಕೆಟ್ ಉದ್ಯಮವನ್ನು ಕಟ್ಟಿದವರು ಯಜ್ಞನಾರಾಯಣ ಮಯ್ಯರ ಮಗ ಸದಾನಂದ ಮಯ್ಯ. ಬಾಗಿಲಲ್ಲಿ ಬರೆದ ಆ ನಷ್ಟದ ಲೆಕ್ಕವನ್ನು ಅಂದಿನ ದರ ನಿಗದಿ ಆದೇಶಗಳೊಂದಿಗೆ ಇಟ್ಟು ನೋಡಿದರೆ ಒಂದು ಪ್ಲೇಟ್ ತಿಂಡಿಯ ಅಸಲು ಖರ್ಚು ಎಷ್ಟಿತ್ತೆಂದು ತಿಳಿಯುತ್ತದೆ. ಬೆಂಗಳೂರಿನ ಆರ್ಥಿಕ ಚರಿತ್ರೆಗೆ ಇದು ಚಿಲ್ಲರೆ ವಿಷಯವಲ್ಲ.

2007ರಲ್ಲಿ ಆ ಪ್ಯಾಕೆಟ್ ಉದ್ಯಮ, ಎಂಟಿಆರ್ ಫುಡ್ಸ್, ನಾರ್ವೆಯ ಓರ್ಕ್ಲಾ ಕಂಪನಿಯ ಪಾಲಾಯಿತು, ಹೋಟೆಲ್ ಕುಟುಂಬದಲ್ಲೇ ಉಳಿಯಿತು. ಹೀಗೆ ಉದ್ಯಮ ಹಂಚಿಹೋಗುವಾಗ ಬ್ರ್ಯಾಂಡಿಗೆ ಬೆಲೆ ಕಟ್ಟುತ್ತಾರೆ, ಹಳೆಯ ಕಡತಕ್ಕೆ ಕಟ್ಟುವುದಿಲ್ಲ. ಟಾಟಾ, ಗೋದ್ರೆಜ್ ಸಂಸ್ಥೆಗಳಿಗೆ ತಮ್ಮದೇ ಪತ್ರಾಗಾರಗಳಿವೆ. 1950ರಲ್ಲಿ ಮೈಸೂರಿನಲ್ಲಿ ಆರಂಭವಾದ ಆಹಾರ ತಂತ್ರಜ್ಞಾನ ಸಂಶೋಧನಾಲಯ ಸಿಎಫ್‌ಟಿಆರ್‌ಐ ಸರ್ಕಾರಿ ಸಂಸ್ಥೆಯಾದ್ದರಿಂದ ಅದರ ವರದಿಗಳು ಸಿಗುತ್ತವೆ. ಆದರೆ ಕೋಟ, ಕುಂದಾಪುರ, ಉಡುಪಿಯಿಂದ ಹೊರಟು ಬೆಂಗಳೂರು, ಮದ್ರಾಸು, ಮುಂಬೈಗಳಿಗೆ ತಿಂಡಿ ತಿನ್ನಿಸಿದ ಹೋಟೆಲಿಗರ ರೋಕಡಿ ಪುಸ್ತಕಗಳನ್ನು ಒಪ್ಪಿಸಿ ಬರಲು ನನಗೆ ತಿಳಿದಮಟ್ಟಿಗೆ ಕರ್ನಾಟಕದಲ್ಲಿ ಅಂಥದೇ ಒಂದು ಜಾಗವಿಲ್ಲ. ಮನೆ ಖಾಲಿ ಮಾಡುವಾಗ ಅವು ಹಳೇ ಪೇಪರ್ ಅಂಗಡಿಗೆ ಹೋಗುತ್ತವೆ.

ರಾಜ್ಯ ಪತ್ರಾಗಾರ ಇಲಾಖೆ ಹೋಟೆಲ್ ಮಾಲೀಕರ ಸಂಘಗಳೊಂದಿಗೆ ಕೂಡಿ ಈ ಕಾಗದಗಳನ್ನು ಸ್ಕ್ಯಾನ್ ಮಾಡಿಕೊಂಡು ಮೂಲವನ್ನು ಮನೆಯವರಿಗೇ ಮರಳಿಸಬಹುದು. ವಿಶ್ವವಿದ್ಯಾಲಯಗಳ ಇತಿಹಾಸ ವಿಭಾಗಗಳು ಅಡುಗೆ ಭಟ್ಟರ, ಸಪ್ಲೈಯರ್‌ಗಳ, ಕ್ಲೀನರ್‌ಗಳ ನೆನಪುಗಳನ್ನು ಧ್ವನಿಮುದ್ರಿಸಬೇಕು. ತುರ್ತುಪರಿಸ್ಥಿತಿಯ ದಿನಗಳಲ್ಲಿ ಇಪ್ಪತ್ತರ ಹರೆಯದಲ್ಲಿ ಕೆಲಸಕ್ಕಿದ್ದವರಿಗೆ ಈಗ ಎಪ್ಪತ್ತು ದಾಟಿದೆ. ಹಲವರು ಊರು ಸೇರಿದ್ದಾರೆ. ಮಾಲೀಕರ ಮಾತಿಗಿಂತ ಮೊದಲು ಇವರ ಮಾತು ದಾಖಲಾಗಬೇಕು.