ಯುದ್ಧವೂ ಸಮಾಜವಾದಿಗಳೂ

ಬಂಟ್ವಾಳ ತಾಲೂಕಿನ ಬಿ.ಸಿ. ರೋಡಿನಲ್ಲಿ ಬೀಡಿ ಕೂಲಿಕಾರರ ಮೆರವಣಿಗೆಗಳನ್ನು ಕಂಡವರಿಗೆ ಒಂದು ಸಂಗತಿ ತೋರದೆ ಇರಲಾರದು. ಬಾವುಟದ ಬಣ್ಣ ಒಂದೇ, ಮಜೂರಿ ಮತ್ತು ತುಟ್ಟಿಭತ್ತೆಯ ಬೇಡಿಕೆಯೂ ಒಂದೇ. ಆದರೆ ಸಂಘಗಳು ಮಾತ್ರ ಎರಡು. ಒಂದು ಎ.ಐ.ಟಿ.ಯು.ಸಿ.ಗೆ ಸೇರಿದುದು, ಇನ್ನೊಂದು ಸಿ.ಐ.ಟಿ.ಯು.ಗೆ ಸೇರಿದುದು. ಮನೆಯ ಜಗಲಿಯಲ್ಲಿ ಗೆರಸೆಯನ್ನು ಮಡಿಲಲ್ಲಿಟ್ಟುಕೊಂಡು ಬೆಳಗಿನಿಂದ ಬೈಗಿನವರೆಗೆ ಬೀಡಿ ಕಟ್ಟುವ ತಾಯಿಯೊಬ್ಬಳು, ನಮಗೆ ಎರಡು ಸಂಘಗಳೇತಕ್ಕೆ ಎಂದು ಕೇಳಿದರೆ ಸರಿಯಾದ ಉತ್ತರವನ್ನು ಕೊಡಬಲ್ಲವರು ಆ ಮೆರವಣಿಗೆಯಲ್ಲಿ ಎಷ್ಟು ಮಂದಿ ದೊರಕಿಯಾರು?

ಉತ್ತರವು ನೇತ್ರಾವತಿಯ ದಡದಲ್ಲಿಲ್ಲ, ಹಿಮಾಲಯದ ತಪ್ಪಲಿನಲ್ಲಿದೆ. 1962ನೆಯ ಅಕ್ಟೋಬರ್ 20ರಂದು ಚೀನದ ಸೇನೆಯು ನಮ್ಮ ಗಡಿಯ ಠಾಣ್ಯಗಳ ಮೇಲೆ ಬಿದ್ದಿತು. ಭಾರತ ಕಮ್ಯುನಿಸ್ಟ್ ಪಕ್ಷದ ರಾಷ್ಟ್ರೀಯ ಮಂಡಲಿಯು ನವೆಂಬರ್ 1ರಂದು ಅದನ್ನು ಆಕ್ರಮಣವೆಂದು ಖಂಡಿಸಿತು. ಮಂಡಲಿಯ ಅಲ್ಪಸಂಖ್ಯಾತರಿಗೆ ಆ ನಿರ್ಣಯವು ಒಪ್ಪಿಗೆಯಾಗಲಿಲ್ಲ. ಸರಕಾರವು ಪಕ್ಷದವರನ್ನು ನೂರುಗಟ್ಟಲೆ ಸೆರೆಗೆ ತಳ್ಳಿತು. ಸೆರೆಗೆ ಹೋದವರಿಗೆ ಹೊರಗೆ ಉಳಿದವರ ಮೇಲೆ ಶಂಕೆ ಹುಟ್ಟಿತು. 1964ನೆಯ ಏಪ್ರಿಲ್‌ನಲ್ಲಿ ಮಂಡಲಿಯ 32 ಮಂದಿ ಸಭೆಯಿಂದ ಎದ್ದು ನಡೆದರು. ಅದೇ ವರ್ಷ ಕಲ್ಕತ್ತೆಯಲ್ಲಿ ಬೇರೆ ಪಕ್ಷವೇ ಸ್ಥಾಪಿತವಾಯಿತು. 1970ರಲ್ಲಿ ಕಾರ್ಮಿಕ ಸಂಘವೂ ಸೀಳಿತು. ಯುದ್ಧವೊಂದೇ ಇದಕ್ಕೆ ಕಾರಣವೆಂದು ನಾವು ಹೇಳುವುದಿಲ್ಲ. ಮಾಸ್ಕೋ ಪೆಕಿಂಗ್‌ಗಳ ವೈಮನಸ್ಸು ಅದಕ್ಕೆ ಮುಂಚಿನದು. ಕಾಂಗ್ರೆಸಿನೊಡನೆ ಹೇಗೆ ನಡೆದುಕೊಳ್ಳಬೇಕೆಂಬ ವ್ಯಾಜ್ಯವೂ ಹಳೆಯದೇ. ಆದರೆ ಹತ್ತು ವರ್ಷ ಒಂದೇ ಸೂರಿನಡಿ ಅಡಗಿರಬಹುದಾಗಿದ್ದ ಭಿನ್ನಾಭಿಪ್ರಾಯವನ್ನು ಯುದ್ಧವು ಒಂದೇ ತಿಂಗಳಲ್ಲಿ ಹೊರಗೆಳೆಯಿತು.

ಇದು ಭಾರತದವರ ಬುದ್ಧಿದೋಷವೆಂದು ಯಾರೂ ಭಾವಿಸಬೇಕಾಗಿಲ್ಲ. ನಮ್ಮ ಕರಾವಳಿಯವರು ಬಾಸೆಲ್ ಎಂಬ ಹೆಸರನ್ನು ಹಂಚಿನ ಮೇಲಿನ ಮುದ್ರೆಯಿಂದ ಅರಿತವರು. ಮಿಶನ್ನಿನ ಆ ಬಾಸೆಲ್ ಪಟ್ಟಣದಲ್ಲಿಯೇ 1912ನೆಯ ನವೆಂಬರ್‌ನಲ್ಲಿ ಯೂರೋಪಿನ ಸಮಾಜವಾದಿಗಳೆಲ್ಲರೂ ಸೇರಿ, ಯುದ್ಧವು ಬಂದರೆ ದೇಶದೇಶಗಳ ಕೂಲಿಕಾರರು ಒಂದಾಗಿ ಅದನ್ನು ತಡೆಯುವರೆಂದು ಘೋಷಿಸಿದ್ದರು. ಎರಡು ವರ್ಷ ತುಂಬುವುದರೊಳಗೆ ಯುದ್ಧವು ಬಂದೇಬಿಟ್ಟಿತು. 1914ನೆಯ ಜುಲೈ 31ರಂದು ಪ್ಯಾರಿಸಿನಲ್ಲಿ ಶಾಂತಿವಾದಿ ಜಾನ್ ಜೋರೆಸರು ಗುಂಡಿಗೆ ಬಲಿಯಾದರು. ಆಗಸ್ಟ್ 4ರಂದು ಜರ್ಮನಿಯ ಸಮಾಜವಾದಿ ಪಕ್ಷವು ಕೈಸರನ ಯುದ್ಧಸಾಲಕ್ಕೆ ಮತವಿತ್ತಿತು. ಆ ಡಿಸೆಂಬರ್‌ನಲ್ಲಿ ಎರಡನೆಯ ಸಾಲಕ್ಕೆ ಒಲ್ಲೆನೆಂದವರು ಕಾರ್ಲ್ ಲೀಬ್‌ಕ್ನೆಕ್ಟ್ ಒಬ್ಬರೇ. ಕಮ್ಯುನಿಸ್ಟರು, ಸೋಶಿಯಲ್ ಡೆಮಾಕ್ರಾಟರು ಎಂಬ ಎರಡು ಕವಲುಗಳು ಅಲ್ಲಿಂದಲೇ ಒಡೆದವು. (ಮಂಗಳೂರಿನ ಮಿಶನ್ನಿನ ಹಂಚಿನ ಕಾರ್ಖಾನೆಗಳೂ ಅದೇ ಯುದ್ಧದ ಫಲವಾಗಿ ಕೈಬದಲಾಗಿ ಕಾಮನ್‌ವೆಲ್ತ್ ಟ್ರಸ್ಟಿನ ವಶಕ್ಕೆ ಬಂದವು. ಯುದ್ಧವು ಎಲ್ಲಿಯದಾದರೇನು, ಕೂಲಿಕಾರನ ಯಜಮಾನನು ಬದಲಾಗುತ್ತಾನೆ.)

ಆದರೂ ಈ ವಿಷಯವನ್ನು ತಿಳಿಯಲು ಯೂರೋಪಿಗೆ ಹೋಗಬೇಕಾದುದಿಲ್ಲ. ನಮ್ಮ ಜಿಲ್ಲೆಯ ಚರಿತ್ರೆಯೇ ಸಾಕು.

ಕಾಂಗ್ರೆಸ್ ಸಮಾಜವಾದಿ ಪಕ್ಷವು 1934ರಲ್ಲಿ ಹುಟ್ಟಿತು. ಅದರ ಮುಂದಾಳುಗಳಲ್ಲಿ ನಮ್ಮ ಮಂಗಳೂರಿನಲ್ಲಿ ಜನಿಸಿದ ಶ್ರೀಮತಿ ಕಮಲಾದೇವಿ ಚಟ್ಟೋಪಾಧ್ಯಾಯರೂ ಒಬ್ಬರು. 1936ರಿಂದ ಕಮ್ಯುನಿಸ್ಟರಿಗೂ ಅದರಲ್ಲಿ ಎಡೆ ದೊರಕಿತು. 1939ರಲ್ಲಿ ಯುದ್ಧವು ಬಂದಾಗ ಇದು ಸಾಮ್ರಾಜ್ಯಶಾಹಿಯ ಯುದ್ಧ, ಇದಕ್ಕೆ ಹಣವಿಲ್ಲ, ಆಳಿಲ್ಲ ಎಂದು ಎರಡು ಪಂಗಡದವರೂ ಸಾರಿದರು. ಆದರೂ 1940ರಲ್ಲಿ ಸಮಾಜವಾದಿಗಳು ಕಮ್ಯುನಿಸ್ಟರನ್ನು ಹೊರಹಾಕಿದರು. 1941ನೆಯ ಜೂನ್ 22ರಂದು ಹಿಟ್ಲರನು ರಶಿಯದ ಮೇಲೆ ದಂಡೆತ್ತಿದ ಬಳಿಕವಂತೂ ಎಲ್ಲವೂ ತಲೆಕೆಳಗಾಯಿತು. ಕೆಲವು ತಿಂಗಳ ಚರ್ಚೆಯ ತರುವಾಯ ಕಮ್ಯುನಿಸ್ಟ್ ಪಕ್ಷವು, ಇದೀಗ ಜನತಾಯುದ್ಧ, ಇದಕ್ಕೆ ನೆರವಾಗಬೇಕು ಎಂದಿತು. 1942ನೆಯ ಜುಲೈನಲ್ಲಿ ಸರಕಾರವು ಪಕ್ಷದ ಮೇಲಿನ ನಿಷೇಧವನ್ನು ತೆಗೆಯಿತು. ಆಗಸ್ಟ್‌ನಲ್ಲಿ ಗಾಂಧೀಜಿಯವರು 'ಚಲೇ ಜಾವ್' ಎಂದರು. ಜಯಪ್ರಕಾಶರು ಹಜಾರಿಬಾಗ್ ಸೆರೆಮನೆಯ ಗೋಡೆ ಹಾರಿ ಭೂಗತರಾದರು. ಕಮ್ಯುನಿಸ್ಟ್ ಪಕ್ಷವು ಚಳವಳಿಗೆ ವಿರೋಧವಾಗಿ ನಿಂತಿತು. ನಿನ್ನೆಯವರೆಗೆ ಒಂದೇ ವೇದಿಕೆಯ ಮೇಲಿದ್ದವರು ಒಬ್ಬರನ್ನೊಬ್ಬರು ದ್ರೋಹಿಗಳೆಂದು ಕರೆದರು.

ಈಗ 1943ನೆಯ ಮಾರ್ಚ್ ತಿಂಗಳನ್ನು ವಾಚಕರು ನೆನೆದುಕೊಳ್ಳಬೇಕು. ಶಿವಮೊಗ್ಗ ಜಿಲ್ಲೆಯ ಈಸೂರಿನವರು ಚಲೇ ಜಾವ್ ಚಳವಳಿಯಲ್ಲಿ ತಮ್ಮ ಹಳ್ಳಿ ಸ್ವತಂತ್ರವೆಂದು ಸಾರಿದ್ದರು. ಅಲ್ಲಿ ಅಮಲ್ದಾರರೂ ಪೋಲೀಸ್ ಅಧಿಕಾರಿಯೊಬ್ಬರೂ ಸತ್ತುದಕ್ಕಾಗಿ ಐವರು ಯುವಕರನ್ನು ಆ ತಿಂಗಳ 8ರಿಂದ 10ರವರೆಗೆ ಬೆಂಗಳೂರಿನ ಸೆರೆಮನೆಯಲ್ಲಿ ಗಲ್ಲಿಗೇರಿಸಲಾಯಿತು. ಅದೇ ತಿಂಗಳ 29ರಂದು ಕಣ್ಣಾನೂರಿನ ಸೆರೆಮನೆಯಲ್ಲಿ ಕಯ್ಯೂರಿನ ನಾಲ್ವರು ಗಲ್ಲಿಗೇರಿದರು. ಕಯ್ಯೂರು ಆಗ ನಮ್ಮದೇ ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲೂಕಿನ ಹಳ್ಳಿ. ಮೊಕದ್ದಮೆ ನಡೆದುದು ಮಂಗಳೂರಿನಲ್ಲಿ. ಧಣಿಗಳ ಗೇಣಿಯ ಪೀಡನೆಗೆದುರಾಗಿ ಎದ್ದ ರೈತಸಂಘದವರ ಮೆರವಣಿಗೆಯಲ್ಲಿ 1941ನೆಯ ಮಾರ್ಚ್ 28ರಂದು ಪೇದೆಯೊಬ್ಬನು ಹೊಳೆಯಲ್ಲಿ ಮುಳುಗಿ ಸತ್ತುದೇ ಅವರ ಮೇಲಿನ ಆರೋಪಕ್ಕೆ ಮೂಲ. ಮಠತ್ತಿಲ್ ಅಪ್ಪು, ಕೋಯಿತ್ತಾಟಿಲ್ ಚಿರುಕಂಡನ್, ಪೊಡೋರ ಕುಞಂಬು ನಾಯರ್, ಪಳ್ಳಿಕ್ಕಲ್ ಅಬೂಬಕ್ಕರ್ ಎಂಬ ಆ ನಾಲ್ವರೂ ಕಮ್ಯುನಿಸ್ಟರು.

ಈ ಸಂಗತಿಯ ಗೋಜನ್ನು ಸ್ವಲ್ಪ ಬಿಡಿಸಿ ನೋಡೋಣ. ಅವರು ಸೆರೆಯಾದಾಗ ಅವರ ಪಕ್ಷವು ಯುದ್ಧಕ್ಕೆ ವಿರೋಧವಾಗಿದ್ದಿತು. ಗಲ್ಲಿಗೇರಿದಾಗ ಯುದ್ಧಕ್ಕೆ ನೆರವಾಗಿದ್ದಿತು. ಪಕ್ಷದ ಕಾರ್ಯದರ್ಶಿ ಪಿ.ಸಿ. ಜೋಶಿಯವರು ಸೆರೆಮನೆಗೆ ಹೋಗಿ ಅವರನ್ನು ಕಂಡುಬಂದರು. ಯಾವ ಸರಕಾರದ ಯುದ್ಧಕ್ಕೆ ಪಕ್ಷವು ಕೈಗೂಡಿಸಿದ್ದಿತೋ ಆ ಸರಕಾರವೇ ಪಕ್ಷದ ಮಕ್ಕಳ ಕೊರಳಿಗೆ ಹಗ್ಗ ಬಿಗಿಯಿತು. ಚಲೇ ಜಾವ್ ಎಂದ ಈಸೂರಿಗೂ, ಚಲೇ ಜಾವ್ ಚಳವಳಿಯಿಂದ ದೂರ ನಿಂತ ಪಕ್ಷದ ಕಯ್ಯೂರಿಗೂ ಮೂರು ವಾರಗಳ ಅಂತರದಲ್ಲಿ ಒಂದೇ ಶಿಕ್ಷೆ! ನಿರಂಜನರು ಕಯ್ಯೂರಿನ ಕಥೆಯನ್ನು 1955ರಲ್ಲಿ 'ಚಿರಸ್ಮರಣೆ'ಯಾಗಿ ಬರೆದುದರಿಂದ ಕನ್ನಡಿಗರು ಅದನ್ನು ಮರೆಯದೆ ಉಳಿದರು.

1942ರಲ್ಲಿ ಕಮ್ಯುನಿಸ್ಟ್ ಪಕ್ಷವು ತಪ್ಪು ಮಾಡಿತೆಂಬುದು ನಮ್ಮ ಅಭಿಪ್ರಾಯ. ಹಿಟ್ಲರನು ಸೋಲಬೇಕೆಂಬುದರಲ್ಲಿ ತಪ್ಪಿರಲಿಲ್ಲ. ಅದು ಗಾಂಧೀಜಿಗೂ ನೆಹರೂರವರಿಗೂ ಬೇಕಾಗಿದ್ದುದೇ. ತಪ್ಪಿದ್ದುದು, ವೋಲ್ಗಾ ತೀರದಲ್ಲಿ ಏನಾಗುವುದೆಂಬುದನ್ನು ನೋಡಿ ನೇತ್ರಾವತೀ ತೀರದಲ್ಲಿ ಏನು ಮಾಡಬೇಕೆಂದು ತೀರ್ಮಾನಿಸಿದುದರಲ್ಲಿ. ತನ್ನ ನೆಲದ ಜನರ ಮನಸ್ಸನ್ನು ಕೇಳದೆ ಪರದೇಶದ ಪಂಚಾಂಗವನ್ನು ತೆರೆದು ಮುಹೂರ್ತವಿಟ್ಟರೆ ಆ ಮದುವೆಗೆ ಊರವರು ಬಾರರು. ಆದರೆ ಆ ತಪ್ಪಿಗಾಗಿ ಪಕ್ಷದ ಸಾಮಾನ್ಯ ಕಾರ್ಯಕರ್ತರನ್ನು ದೇಶದ್ರೋಹಿಗಳೆಂದು ಇಂದಿಗೂ ಜರೆಯುವವರು ಕಣ್ಣಾನೂರಿನ ಗಲ್ಲುಗಂಬವನ್ನು ಒಮ್ಮೆ ನೆನೆಯಬೇಕು. 1962ರಲ್ಲಿಯೂ ಹೀಗೆಯೇ. ಚೀನದ್ದು ಆಕ್ರಮಣವೇ ಎಂಬುದರಲ್ಲಿ ನಮಗೆ ಸಂಶಯವಿಲ್ಲ, ಹಾಗೆಂದು ಮಾತುಕತೆ ನಡೆಯಲಿ ಎಂದವರನ್ನೆಲ್ಲ ಶತ್ರುವಿನ ಗೂಢಚಾರರೆಂದು ಎಣಿಸಿ ವಿಚಾರಣೆಯಿಲ್ಲದೆ ಕೂಡಿಹಾಕಿದುದು ನ್ಯಾಯವಾಗಿರಲಿಲ್ಲ, ಜಾಣತನವೂ ಆಗಿರಲಿಲ್ಲ.

ಯುದ್ಧವು ಬಂದಾಗ ಸಮಾಜವಾದಿಯು ಇಕ್ಕಟ್ಟಿಗೆ ಸಿಕ್ಕುವುದು ಸಹಜ. ಕೂಲಿಕಾರರೆಲ್ಲ ಒಂದೇ ಕುಲವೆಂಬುದು ಅವನ ಮತ. ಆ ಕೂಲಿಕಾರನಿಗೋ ಊರಿದೆ, ಮಾತಿದೆ, ಸೈನ್ಯಕ್ಕೆ ಸೇರಿದ ಅಣ್ಣನಿದ್ದಾನೆ. ಶಾಂತಿಯ ಕಾಲದಲ್ಲಿ ಇವೆರಡನ್ನೂ ಹೇಗೋ ಹೊಂದಿಸಿಕೊಂಡು ಹೋಗಬಹುದು. ಯುದ್ಧವು ನಾಳೆಯವರೆಗೆ ಕಾಯದು. 2022ರ ಫೆಬ್ರವರಿಯಲ್ಲಿ ರಶಿಯವು ಯುಕ್ರೇನಿನ ಮೇಲೆ ಬಿದ್ದಾಗ ಯೂರೋಪಿನ ಎಡಪಕ್ಷಗಳಲ್ಲಿ ಅದೇ ಜಗಳವು ಮತ್ತೆ ಎದ್ದಿತು. ಜರ್ಮನಿಯ ಎಡಪಕ್ಷದಿಂದ ಸಾರಾ ವಾಗೆನ್‌ಕ್ನೆಕ್ಟ್ ಎಂಬವರು ಬೇರೆಯಾದುದಕ್ಕೆ ಈ ಯುದ್ಧವೂ ಒಂದು ಕಾರಣ. ಇಂತಹ ಭೇದವು ಪಕ್ಷದ ಸಭೆಗಳಲ್ಲಿ ಇರಲಿ, ನಮ್ಮ ಆಕ್ಷೇಪವಿಲ್ಲ. ಆದರೆ ಮಜೂರಿ ಕೇಳಲು ಹೊರಟವರ ಸಾಲನ್ನು ಅದು ಸೀಳುವುದೇತಕ್ಕೆ?

ಬಂಟ್ವಾಳದ ಮತದಾರರು ಈ ವಿಷಯದಲ್ಲಿ ಮುಂದಾಳುಗಳಿಗಿಂತ ಹೆಚ್ಚು ವಿವೇಕಿಗಳಾಗಿದ್ದರೆಂದು ನಮಗೆ ತೋರುತ್ತದೆ. ಕಾಸರಗೋಡು ಕಡೆಯಲ್ಲಿ ಹುಟ್ಟಿ, ಪಕ್ಷ ಒಡೆದಾಗ ಹಳೆಯ ಪಕ್ಷದಲ್ಲಿಯೇ ಉಳಿದ ದಿವಂಗತ ಬಿ.ವಿ. ಕಕ್ಕಿಲ್ಲಾಯರನ್ನು ಇಲ್ಲಿಯವರು ಎಪ್ಪತ್ತರ ದಶಕದಲ್ಲಿ ಎರಡು ಬಾರಿ ಶಾಸನಸಭೆಗೆ ಕಳುಹಿದರು. ಚೀನ ರಶಿಯಗಳ ವಾದವನ್ನು ತೂಗಿ ನೋಡಿ ಅವರು ಮತವಿತ್ತರೆಂದು ನಾವು ನಂಬುವುದಿಲ್ಲ. ಅವರಿಗೆ ಬೇಕಾಗಿದ್ದುದು ಉತ್ತ ಹೊಲದ ಹಕ್ಕು. ಕಯ್ಯೂರಿನ ರೈತರು ಯಾವ ಗೇಣಿಯ ಹೊರೆಗಾಗಿ ಎದ್ದರೋ ಆ ಹೊರೆಯು ಇಲ್ಲಿಯ ಒಕ್ಕಲುಗಳ ಹೆಗಲಿನಿಂದ ಇಳಿದುದು 1974ರಲ್ಲಿ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯಿಂದ.

ಬೀಡಿಯ ಎರಡು ಸಂಘಗಳೂ ಕೆಲವೊಮ್ಮೆ ಜಂಟಿಯಾಗಿ ನಿಂತುದುಂಟು. ಕೆಲವೊಮ್ಮೆ ಏತಕ್ಕೆ, ಯಾವಾಗಲೂ ಏಕೆ ಆಗಬಾರದು ಎಂದು ನಾವು ಎರಡೂ ಕಡೆಯ ಮುಂದಾಳುಗಳನ್ನು ಕೇಳುತ್ತೇವೆ. ಮಾಲಿಕರೊಡನೆ ಮಜೂರಿಯ ಮಾತುಕತೆಗೆ ಒಂದೇ ಮನವಿ, ಒಂದೇ ನಿಯೋಗ ಹೋಗಲಿ. 1962ರಲ್ಲಿ ಯಾರು ಏನೆಂದರೆಂಬುದನ್ನು ಆ ಮನವಿಯಲ್ಲಿ ಬರೆಯಬೇಕಾಗಿಲ್ಲ.